ಮನೆಯಲ್ಲಿಲ್ಲದವರ ದನಿಯನ್ನು ತಂತಿಯಲ್ಲಿ ಹಿಡಿದಿಟ್ಟ ಪೌಲ್ಸೆನ್

ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ವರವು ಕಾವಲ್ ಆಸುಪಾಸಿನ ಹಳ್ಳಿಗಳಿಂದ ದುಡಿಮೆಗೆಂದು ದೂರದ ಊರು ಸೇರಿದವರು ಹಲವರು. ಹಾಗೆ ಹೋದ ಮಗನಿಗೆ ಹೆತ್ತವರು ಕರೆ ಮಾಡಿದಾಗ ಆತ ಸಿಗದಿದ್ದರೆ ಕೇಳಿಬರುವುದು ಪರಿಚಯವಿಲ್ಲದ ಹೆಣ್ಣುದನಿಯ ಸಿದ್ಧ ಪ್ರಕಟಣೆ. ಅದರ ಬದಲು ಮಗನ ದನಿಯೇ ತಾನೆಲ್ಲಿರುವೆ, ಯಾವಾಗ ಸಿಗುವೆ ಎಂದು ತಿಳಿಸುವಂತಿದ್ದರೆ? ಇಂತಹ ಸೌಲಭ್ಯದ ಕನಸನ್ನು 19ನೇ ಶತಮಾನದಲ್ಲೇ ಕಂಡು ಯಂತ್ರವನ್ನೂ ನಿರ್ಮಿಸಿದವರು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್.

1869ರ ನವೆಂಬರ್ 23ರಂದು ಕೋಪನ್‌ಹೇಗನ್ನಿನಲ್ಲಿ ಜನಿಸಿದ ಪೌಲ್ಸೆನ್ ಅವರ ತಂದೆ ನ್ಯಾಯಾಧೀಶರಾಗಿದ್ದರು. ವಿಶ್ವವಿದ್ಯಾಲಯದ ವ್ಯಾಸಂಗವನ್ನು ಪೂರ್ಣಗೊಳಿಸದೆ ಅವರು ಕೋಪನ್‌ಹೇಗನ್ ದೂರವಾಣಿ ಕಂಪನಿಯ ತಾಂತ್ರಿಕ ವಿಭಾಗವನ್ನು ಸೇರಿದರು. ಕರೆ ಮಾಡಿದಾಗ ಆಚೆ ಬದಿಯಲ್ಲಿ ಯಾರೂ ಇಲ್ಲದಿದ್ದರೆ ಮಾತು ವ್ಯರ್ಥವಾಗುವುದು ದೂರವಾಣಿಯ ದೊಡ್ಡ ಕೊರತೆಯಾಗಿತ್ತು. ಎಡಿಸನ್ನರ ಮೇಣದ ಉರುಳೆಗಳು ದನಿಯನ್ನು ಕೆತ್ತಿಡುತ್ತಿದ್ದರೂ ಈ ಕೆಲಸಕ್ಕೆ ಅನುಕೂಲವಾಗಿರಲಿಲ್ಲ.

ಪೌಲ್ಸೆನ್ ಅಯಸ್ಕಾಂತದ ಮೊರೆ ಹೋದರು. ಉಕ್ಕಿನ ತಂತಿಯ ಮೇಲೆ ಪುಟ್ಟ ವಿದ್ಯುತ್ ಅಯಸ್ಕಾಂತವನ್ನು ಸರಿಸುತ್ತಾ ಮಾತನಾಡಿದರೆ, ದನಿಯ ಏರಿಳಿತಕ್ಕೆ ತಕ್ಕಂತೆ ತಂತಿಯುದ್ದಕ್ಕೂ ಕಾಂತಶಕ್ತಿಯ ಗುರುತು ಉಳಿಯುತ್ತಿತ್ತು. ಮತ್ತೆ ಅದೇ ಹಾದಿಯಲ್ಲಿ ಸರಿಸಿದರೆ ಮಾತು ಮರಳಿ ಕೇಳುತ್ತಿತ್ತು. ಬೇಡವಾದಾಗ ಅಳಿಸಿ ಅದೇ ತಂತಿಯಲ್ಲಿ ಹೊಸ ಮಾತು ತುಂಬಬಹುದಾಗಿತ್ತು. ಉರುಳೆಯ ಮೇಲೆ ಸುತ್ತಿದ ತಂತಿಯ ಈ ಸಾಧನವೇ ಟೆಲಿಗ್ರಾಫೋನ್. 1898ರಲ್ಲಿ ಅದಕ್ಕೆ ಡೆನ್ಮಾರ್ಕಿನಲ್ಲಿ ಪೇಟೆಂಟ್ ಕೋರಿದರು. ಕರೆ ಮಾಡಿದವರ ಸಂದೇಶವನ್ನು ಕಾದಿಡುವುದಷ್ಟೇ ಅಲ್ಲ, ಮನೆಯವರ ಪರವಾಗಿ ಉತ್ತರ ನೀಡುವುದೂ ಅದರ ಉದ್ದೇಶಗಳಲ್ಲಿ ಸೇರಿತ್ತು.

1900ರ ಪ್ಯಾರಿಸ್ ಮಹಾ ವಸ್ತುಪ್ರದರ್ಶನದಲ್ಲಿ ಟೆಲಿಗ್ರಾಫೋನಿಗೆ ಅತ್ಯುನ್ನತ ಬಹುಮಾನ ದೊರೆಯಿತು. ಅಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಆಡಿದ ಮಾತು ಇಂದಿಗೂ ಉಳಿದಿರುವ ಅತಿ ಹಳೆಯ ಕಾಂತೀಯ ಧ್ವನಿಮುದ್ರಣವೆಂದು ಪರಿಗಣಿತವಾಗಿದೆ.

ಆದರೆ ಮನ್ನಣೆ ಮಾರುಕಟ್ಟೆಯಾಗಿ ಪರಿಣಮಿಸಲಿಲ್ಲ. ದನಿಯನ್ನು ವರ್ಧಿಸುವ ಉಪಕರಣ ಆಗಿನ್ನೂ ಇರಲಿಲ್ಲ. ಕ್ಷೀಣವಾದ ಮಾತನ್ನು ಕಿವಿಗೆ ಹಿಡಿದ ರಿಸೀವರ್‌ನಲ್ಲೇ ಆಲಿಸಬೇಕಿತ್ತು. ಅಮೆರಿಕದಲ್ಲಿ ಯಂತ್ರವನ್ನು ಮಾರಲು ಹೊರಟ ಕಂಪನಿ ನೆಲಕಚ್ಚಿತು. ಪೌಲ್ಸೆನ್ ನಿಸ್ತಂತು ಸಂಶೋಧನೆಯತ್ತ ಹೊರಳಿದರು. ಅವರು ರೂಪಿಸಿದ ವಿದ್ಯುತ್ ಚಾಪದ ಪ್ರೇಷಕವು ಅಖಂಡ ರೇಡಿಯೊ ಅಲೆಗಳನ್ನು ಹೊಮ್ಮಿಸಿ, ಅಮೆರಿಕದ ನೌಕಾಪಡೆಗೂ ನೆರವಾಯಿತು. 1909ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು.

1935ರಲ್ಲಿ ಜರ್ಮನಿಯ ಟೇಪ್ ರೆಕಾರ್ಡರ್ ಬರ್ಲಿನ್ನಿನಲ್ಲಿ ಪ್ರದರ್ಶನಗೊಂಡಾಗ ಪೌಲ್ಸೆನ್ನರ ಪೇಟೆಂಟುಗಳ ಅವಧಿ ಮುಗಿದಿತ್ತು. ಅದೇ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಉತ್ತರಿಸುವ ಯಂತ್ರವೊಂದು ಸಿದ್ಧವಾದರೂ, ಮಾತು ದಾಖಲಾಗುತ್ತದೆಂದರೆ ಜನ ದೂರವಾಣಿಯಿಂದಲೇ ದೂರ ಸರಿದಾರೆಂಬ ಅಳುಕಿನಿಂದ ಕಂಪನಿ ಅದನ್ನು ಹೊರತರಲಿಲ್ಲ. 1942ರ ಜುಲೈನಲ್ಲಿ, ಜರ್ಮನ್ ಸೇನೆಯ ವಶದಲ್ಲಿದ್ದ ತಾಯ್ನಾಡಿನಲ್ಲಿ ಪೌಲ್ಸೆನ್ ನಿಧನರಾದರು.

ಅವರ ಕನಸು ಮನೆಮನೆಗೆ ತಲುಪಲು ಮತ್ತಷ್ಟು ದಶಕಗಳೇ ಬೇಕಾದವು. ಗಾರ್ಡನ್ ಮ್ಯಾಥ್ಯೂಸ್ 1979ರಲ್ಲಿ ವಾಯ್ಸ್‌ಮೇಲ್ ವ್ಯವಸ್ಥೆಗೆ ಪೇಟೆಂಟ್ ಕೋರಿದಾಗ ಪೌಲ್ಸೆನ್ ಗತಿಸಿ 37 ವರ್ಷಗಳಾಗಿದ್ದವು. ಕಾವಲಿನ ಅಂಚಿನ ಮನೆಗೆ ದೂರದ ಮಗನ ದನಿ ಆತ ಬಿಡುವಾಗಿಲ್ಲದ ಹೊತ್ತಿನಲ್ಲೂ ತಲುಪಬಹುದಾದರೆ, ಅದರ ಮೊದಲ ಎಳೆ ಕೋಪನ್‌ಹೇಗನ್ನಿನ ಆ ಉಕ್ಕಿನ ತಂತಿಯಲ್ಲಿದೆ.