ಸೆರೆಮನೆಯಲ್ಲಿ ಮೊಳೆತ ಸಂತಕಾರ್ಯ: ಡಾನ್ ಬಾಸ್ಕೊ

ತಪ್ಪು ಮಾಡಿದವನಿಗೆ ಶಿಕ್ಷೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ನೊಂದವರ ಕಣ್ಣೀರಿಗೆ ಸಮಾಜವು ಉತ್ತರ ಕೊಡಲೇಬೇಕು. ಆದರೆ ಶಿಕ್ಷೆ ಮುಗಿಸಿ ಸೆರೆಮನೆಯ ಬಾಗಿಲು ದಾಟುವವನು ಒಳಹೊಕ್ಕಾಗ ಇದ್ದುದಕ್ಕಿಂತ ಉತ್ತಮನಾಗಿರುವನೇ, ಇಲ್ಲವೇ ಇನ್ನಷ್ಟು ಕೆಟ್ಟಿರುವನೇ? ಮನಶ್ಶಾಸ್ತ್ರಜ್ಞರು ಇಂದು ಕೇಳುವ ಈ ಪ್ರಶ್ನೆಯನ್ನು 1841ರಲ್ಲಿ, ಇಂದಿನ ಇಟಲಿಯ ಟ್ಯೂರಿನ್ ನಗರದ ಸೆರೆಮನೆಗಳಲ್ಲಿ ನಿಂತು ತಮ್ಮಷ್ಟಕ್ಕೆ ಕೇಳಿಕೊಂಡ 26ರ ಹರೆಯದ ಗುರುವೊಬ್ಬರಿದ್ದರು. ಜನವರಿ 31ರಂದು ಧರ್ಮಸಭೆಯು ಯಾರ ಹಬ್ಬವನ್ನು ಆಚರಿಸುತ್ತದೆಯೋ ಆ ಸಂತ ಜಾನ್ ಬೋಸ್ಕೊ, ಅಂದರೆ ನಮಗೆಲ್ಲ ಚಿರಪರಿಚಿತರಾದ ಡಾನ್ ಬಾಸ್ಕೊ ಅವರೇ ಆ ಗುರು. ಶಾಲೆಗಳ ಸಂತರೆಂದು ಅವರನ್ನು ಬಲ್ಲ ನಾವು, ಅವರ ಕಾರ್ಯ ಸೆರೆಮನೆಯಲ್ಲಿ ಮೊಳೆಯಿತೆಂಬುದನ್ನು ಮರೆಯುವುದುಂಟು.

1815ರ ಆಗಸ್ಟ್ 16ರಂದು ಬೆಕ್ಕಿ ಎಂಬ ಹಳ್ಳಿಯ ಬಡ ರೈತ ಕುಟುಂಬದಲ್ಲಿ ಅವರು ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡ ಬಾಲಕನನ್ನು ತಾಯಿ ಮಾರ್ಗರೀಟಾ ಹೊಲದ ದುಡಿಮೆಯಲ್ಲೇ ಬೆಳೆಸಿದರು. ಒಂಬತ್ತರ ಪ್ರಾಯದಲ್ಲಿ ಅವರು ಒಂದು ಕನಸು ಕಂಡರು. ಬೈದಾಡುತ್ತಾ ಹೊಡೆದಾಡುತ್ತಿದ್ದ ಹುಡುಗರ ಗುಂಪಿನ ಮೇಲೆ ಮುಷ್ಟಿ ಬಿಗಿದು ಎರಗಿದಾಗ, ಇವರನ್ನು ಗೆಲ್ಲಬೇಕಾದುದು ಹೊಡೆತದಿಂದಲ್ಲ, ಸೌಮ್ಯತೆಯಿಂದ ಎಂಬ ಬುದ್ಧಿವಾದ ಅವರಿಗೆ ದೊರೆಯಿತು. ಆ ಕನಸಿನ ಅರ್ಥವನ್ನು ತಿಳಿಯಲು ಅವರಿಗೆ ಇಡೀ ಆಯುಷ್ಯವೇ ಬೇಕಾಯಿತು.

1841ರ ಜೂನ್ 5ರಂದು ಗುರುದೀಕ್ಷೆ ಪಡೆದ ಡಾನ್ ಬಾಸ್ಕೊ ಅವರನ್ನು ಸೆರೆಮನೆಗಳಿಗೆ ಕರೆದೊಯ್ದವರು ಅವರ ಮಾರ್ಗದರ್ಶಕ ಗುರು, ಮುಂದೆ ಸಂತರೆನಿಸಿದ ಜೋಸೆಫ್ ಕಫಾಸೊ. ಗಲ್ಲಿಗೇರುವವರ ಜತೆ ಕೊನೆಯ ಗಳಿಗೆಯವರೆಗೂ ನಡೆದು ಹೋಗುತ್ತಿದ್ದ ಕರುಣಾಳು ಅವರು. ಸೆರೆಮನೆಯಲ್ಲಿ ತರುಣ ಗುರುವು ಕಂಡದ್ದೇನು? ಹನ್ನೆರಡರಿಂದ ಹದಿನೆಂಟರ ಪ್ರಾಯದ ಆರೋಗ್ಯವಂತ, ಚುರುಕು ಬುದ್ಧಿಯ ಹುಡುಗರು ಕೆಲಸವಿಲ್ಲದೆ, ಕ್ರಿಮಿಕೀಟಗಳ ನಡುವೆ, ಅನ್ನಕ್ಕೂ ಆತ್ಮದ ಆಹಾರಕ್ಕೂ ಹಸಿದು ಕೊಳೆಯುತ್ತಿದ್ದರು. ಆದರೆ ಅವರನ್ನು ಹೆಚ್ಚು ಕಲಕಿದ್ದು ಬೇರೊಂದು ಸಂಗತಿ. ಇನ್ನು ಮುಂದೆ ಒಳ್ಳೆಯವನಾಗಿ ಬಾಳುವೆನೆಂದು ನಿರ್ಧರಿಸಿ ಬಿಡುಗಡೆಯಾದ ಹುಡುಗರೇ ಕೆಲವು ದಿನಗಳಲ್ಲಿ ಮತ್ತೆ ಅದೇ ಕಂಬಿಗಳ ಹಿಂದೆ ಕಾಣಿಸಿಕೊಳ್ಳುತ್ತಿದ್ದರು. ನಿರ್ಧಾರದಲ್ಲಿ ಸುಳ್ಳಿರಲಿಲ್ಲ, ಹೊರಗೆ ಅವರಿಗೆ ತಮ್ಮವರೆಂಬವರಿರಲಿಲ್ಲ. ಹೊರಬಂದಾಗ ಕೈಹಿಡಿಯುವ, ರವಿವಾರಗಳಲ್ಲಿ ಜತೆಗಿರುವ, ಕೆಲಸ ಹುಡುಕಿಕೊಡುವ ಮಿತ್ರನೊಬ್ಬನಿದ್ದರೆ ಇವರು ಹಿಂದಿರುಗಲಾರರು ಎಂಬುದೇ ಡಾನ್ ಬಾಸ್ಕೊ ಅವರು ಕಂಡುಕೊಂಡ ಸತ್ಯ.

ಅದೇ ವರ್ಷದ ಡಿಸೆಂಬರ್ 8ರಂದು, ಅಮಲೋದ್ಭವಿ ಮಾತೆಯ ಹಬ್ಬದ ದಿನ, ದೇವಾಲಯದ ಸೇವಕನು ಹೊಡೆದು ಹೊರಗಟ್ಟಿದ ಬಾರ್ತೊಲೊಮೆಯೊ ಗರೆಲ್ಲಿ ಎಂಬ ಅನಾಥ ಹುಡುಗನನ್ನು ಅವರು ಮರಳಿ ಕರೆಸಿ ಗೆಳೆತನ ಬೆಳೆಸಿದರು. ಒಬ್ಬನಿಂದ ಆರಂಭವಾದ ಆ ಬಳಗವು ಜಾಗದಿಂದ ಜಾಗಕ್ಕೆ ಅಲೆದು, 1846ರ ಪಾಸ್ಖ ಹಬ್ಬದಂದು ವಾಲ್ದೊಕ್ಕೊದ ಒಂದು ತಗ್ಗು ಮಾಡಿನ ಕೊಟ್ಟಿಗೆಯಲ್ಲಿ ನೆಲೆಯೂರಿತು. ನಗರದ ಅಧಿಕಾರಿಗಳು ಸಂಶಯಪಟ್ಟರು. ಸ್ವತಃ ಗುರುಗಳಲ್ಲೇ ಕೆಲವರು ಅವರಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಆಡಿಕೊಂಡರು. ಅವರು ಹಿಂಜರಿಯಲಿಲ್ಲ. ಹುಡುಗರನ್ನು ಕೆಲಸಕ್ಕೆ ಸೇರಿಸುವಾಗ ಧಣಿಗಳೊಂದಿಗೆ ಲಿಖಿತ ಕರಾರು ಮಾಡಿಸಿದರು. 1850ರ ದಶಕದ ಆರಂಭದ ಆ ಕರಾರುಗಳಲ್ಲಿ, ಹುಡುಗನನ್ನು ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಕೂಡದೆಂಬ ಶರತ್ತೂ ಇತ್ತು. 1853ರಿಂದ ವಾಲ್ದೊಕ್ಕೊದಲ್ಲೇ ಚಮ್ಮಾರಿಕೆ, ಹೊಲಿಗೆ, ಮುಂದೆ ಪುಸ್ತಕ ಕಟ್ಟುವಿಕೆ, ಬಡಗಿತನ, ಮುದ್ರಣದ ಕಾರ್ಯಾಗಾರಗಳು ತಲೆಯೆತ್ತಿದವು.

1857ರಲ್ಲಿ ಕಾರ್ಮಾಞೋಲಾ ರೈಲು ನಿಲ್ದಾಣದಲ್ಲಿ ಅವರ ಕಣ್ಣಿಗೆ ಬಿದ್ದವನು ಮಿಕೇಲ್ ಮಾಗೊನೆ. ತಂದೆಯಿಲ್ಲದ ಈ ಹುಡುಗ ಬೀದಿ ಮಕ್ಕಳ ಗುಂಪಿನ ನಾಯಕನಾಗಿದ್ದ. ಅವನ ಪುಂಡಾಟದೊಳಗೆ ನಾಯಕತ್ವದ ಗುಣವನ್ನು ಕಂಡ ಡಾನ್ ಬಾಸ್ಕೊ ಅವನನ್ನು ವಾಲ್ದೊಕ್ಕೊಗೆ ಕರೆತಂದು, ಒಳ್ಳೆಯ ಸಂಗಾತಿಯೊಬ್ಬನ ಜತೆ ಸೇರಿಸಿದರು. ಕೆಟ್ಟ ಸಂಗದಿಂದ ಹುಟ್ಟಿದ ರೋಗಕ್ಕೆ ಒಳ್ಳೆಯ ಸಂಗವೇ ಮದ್ದೆಂಬುದು ಅವರ ನಂಬಿಕೆ. 1859ರ ಜನವರಿಯಲ್ಲಿ ಮಾಗೊನೆ ಅಕಾಲ ಮರಣಕ್ಕೆ ತುತ್ತಾದಾಗ, ಅವನ ಜೀವನಚರಿತ್ರೆಯನ್ನು ಸ್ವತಃ ಡಾನ್ ಬಾಸ್ಕೊ ಅವರೇ ಬರೆದರು.

ಟ್ಯೂರಿನ್ನಿನ ಹೊರವಲಯದಲ್ಲಿ, ತಪ್ಪು ಮಾಡಿದ ಬಾಲಕರಿಗಾಗಿ 1845ರಲ್ಲಿ ತೆರೆದ ಲಾ ಜೆನೆರಾಲಾ ಎಂಬ ಬಂಧನಾಲಯವಿತ್ತು. ಜೀವನಚರಿತ್ರಕಾರರು ವರ್ಣಿಸುವಂತೆ, 1855ರಲ್ಲಿ ಡಾನ್ ಬಾಸ್ಕೊ ಅಲ್ಲಿನ ಹುಡುಗರಿಗೆ ಧ್ಯಾನಕೂಟ ನಡೆಸಿ, ಅವರನ್ನು ಸ್ತುಪಿನೀಜಿಗೆ ಒಂದು ದಿನದ ವಿಹಾರಕ್ಕೆ ಕರೆದೊಯ್ಯಲು ಮಂತ್ರಿ ಉರ್ಬಾನೊ ರತ್ತಾತ್ಸಿಯವರ ಅನುಮತಿ ಬೇಡಿದರು. ಕಾವಲುಗಾರರು ಬೇಡವೆಂಬುದು ಅವರ ಹಟ. ಮುನ್ನೂರಕ್ಕೂ ಮಿಕ್ಕಿದ ಹುಡುಗರು ಬೆಳಿಗ್ಗೆ ಹೊರಟು, ಆಡಿ, ಹಾಡಿ, ಸಂಜೆ ಒಬ್ಬನೂ ತಪ್ಪದೆ ಹಿಂದಿರುಗಿದರು. ನಂಬಿಕೆಯಿಟ್ಟವರ ನಂಬಿಕೆಯನ್ನು ಕೆಡಿಸಲು ಅವರಿಗೆ ಮನಸ್ಸು ಬರಲಿಲ್ಲ.

ಇದೇ ಟ್ಯೂರಿನ್ನಿನಲ್ಲಿ, ಅವರ ಜೀವಿತಕಾಲದಲ್ಲೇ, ಇದಕ್ಕೆ ತೀರ ವಿರುದ್ಧವಾದ ವಾದವೊಂದು ವಿಜ್ಞಾನದ ಹೆಸರಿನಲ್ಲಿ ಬೆಳೆಯಿತು. ವೈದ್ಯ ಚೆಸಾರೆ ಲೊಂಬ್ರೊಸೊ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಪರಾಧಿಗಳಲ್ಲಿ ಅನೇಕರು ಹುಟ್ಟಿನಿಂದಲೇ ಅಂಥವರು, ಅವರ ತಲೆಬುರುಡೆ, ದವಡೆ, ಕಿವಿಗಳ ಆಕಾರದಿಂದಲೇ ಅವರನ್ನು ಗುರುತಿಸಬಹುದು ಎಂದು ವಾದಿಸಿದರು. ಒಬ್ಬರು ಬುರುಡೆಯನ್ನು ಅಳೆಯುತ್ತಿದ್ದಾಗ ಇನ್ನೊಬ್ಬರು ಹೃದಯದ ಬಾಗಿಲು ಹುಡುಕುತ್ತಿದ್ದರು. ಲೊಂಬ್ರೊಸೊ ಅವರ ಆ ವಾದವನ್ನು ವಿಜ್ಞಾನವೇ ಮುಂದೆ ತಳ್ಳಿಹಾಕಿತು.

1877ರಲ್ಲಿ ಡಾನ್ ಬಾಸ್ಕೊ ತಮ್ಮ ಅನುಭವವನ್ನು ಒಂದು ಕಿರು ಪ್ರಬಂಧದಲ್ಲಿ ಬರೆದಿಟ್ಟರು. ಅವರ ಪ್ರಕಾರ ಪದ್ಧತಿಗಳು ಎರಡು. ನಿಯಮವನ್ನು ಸಾರಿ, ಮುರಿದವರನ್ನು ಹಿಡಿದು ದಂಡಿಸುವುದು ದಮನ ಪದ್ಧತಿ. ಇದು ಗೊಂದಲವನ್ನು ಅಡಗಿಸೀತು, ಆದರೆ ಮನಸ್ಸನ್ನು ತಿದ್ದಲಾರದು. ದಂಡನೆಯ ಕಹಿಯನ್ನು ಬಾಲಕರು ವರ್ಷಗಳ ತನಕ ಮರೆಯಲಾರರು. ನಿಯಮವನ್ನು ತಿಳಿಸಿ, ತಂದೆಯಂತೆ ಸದಾ ಜತೆಗಿದ್ದು, ತಪ್ಪಿಗೆ ಅವಕಾಶವಾಗದಂತೆ ಕಾಯುವುದು ನಿವಾರಣಾ ಪದ್ಧತಿ. ವಿವೇಕ, ಧರ್ಮ, ವಾತ್ಸಲ್ಯ ಇವೇ ಅದರ ಮೂರು ಕಂಬಗಳು. ಹುಡುಗರನ್ನು ಎಂದೂ ಹೊಡೆಯಬಾರದು, ನಾಲ್ಕು ಜನರ ಮುಂದೆ ಅವಮಾನಿಸಬಾರದು. ಪ್ರೀತಿಸುವವರ ಮುಖದಲ್ಲಿ ಕಾಣುವ ಬೇಸರವೇ ಸಾಕಷ್ಟು ಶಿಕ್ಷೆಯೆಂಬುದು ಅವರ ಮತ. ಆದರೆ ಪ್ರೀತಿ ಮಾತ್ರ ಸಾಲದು, ತಾವು ಪ್ರೀತಿಸಲ್ಪಡುತ್ತಿದ್ದೇವೆಂದು ಹುಡುಗರಿಗೆ ಗೊತ್ತಾಗಬೇಕೆಂದು 1884ರಲ್ಲಿ ರೋಮಿನಿಂದ ತಮ್ಮವರಿಗೆ ಪತ್ರ ಬರೆದರು. ಹಾಗೆಂದು ಅವರು ಸಡಿಲ ಮನಸ್ಸಿನವರಲ್ಲ. ಕಳವು, ದೇವದೂಷಣೆಯಂಥ ತಪ್ಪುಗಳಿಂದ ಇತರರನ್ನು ಕೆಡಿಸುವವರನ್ನು ವಾಲ್ದೊಕ್ಕೊದಿಂದ ಹೊರಗೆ ಕಳುಹಿಸಿದ್ದೂ ಉಂಟು.

1888ರ ಜನವರಿ 31ರಂದು ಅವರು ದೈವಾಧೀನರಾದರು. 1934ರಲ್ಲಿ ಪೋಪ್ ಹನ್ನೊಂದನೆಯ ಪಿಯುಸ್ ಅವರಿಗೆ ಸಂತ ಪದವಿಯನ್ನಿತ್ತರು. ಅವರ ಸಲೇಸಿಯನ್ ಸಭೆಯ ಗುರುಗಳು 1906ರಲ್ಲಿ ತಂಜಾವೂರಿನ ಮೂಲಕ ಭಾರತಕ್ಕೂ ಬಂದರು.

ಅವರ ಕಾಣ್ಕೆ ಇಂದಿಗೂ ಹಳತಾಗಿಲ್ಲ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾಹ್‌ವೇ ಸೆರೆಮನೆಗೆ ದಾರಿತಪ್ಪಿದ ಹುಡುಗರನ್ನು ಕರೆದೊಯ್ದು, ಕೈದಿಗಳ ಬಾಯಿಂದಲೇ ಹೆದರಿಸುವ ಪ್ರಯೋಗ ನಡೆಯಿತು. ಜನ ಮೆಚ್ಚಿದರು. ಆದರೆ ಇಂಥ ಪ್ರಯೋಗಗಳಲ್ಲಿ ಪಾಲ್ಗೊಂಡ ಹುಡುಗರ ಅಪರಾಧಗಳು ತಗ್ಗುವ ಬದಲು ಹೆಚ್ಚಿದವೆಂದು ಸಂಶೋಧಕರು ತೋರಿಸಿಕೊಟ್ಟರು. ನಮ್ಮ ದೇಶದ 2015ರ ಬಾಲ ನ್ಯಾಯ ಕಾಯ್ದೆಯು, ಘೋರ ಅಪರಾಧವೆಸಗಿದ ಹದಿನಾರರಿಂದ ಹದಿನೆಂಟರೊಳಗಿನವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ದಾರಿ ತೆರೆಯಿತು. ಆದರೆ ಅದಕ್ಕೆ ಮೊದಲು ಬಾಲಕನ ಮಾನಸಿಕ ಸಾಮರ್ಥ್ಯವನ್ನು ಬಾಲ ನ್ಯಾಯ ಮಂಡಳಿಯು ಪರಿಶೀಲಿಸಬೇಕು, ಮರಣದಂಡನೆಯನ್ನು ವಿಧಿಸುವಂತಿಲ್ಲ. ಬಾಲಕನು ಒಂದಲ್ಲ ಒಂದು ದಿನ ಹೊರಬರುವನೆಂಬ ಅರಿವು ಕಾನೂನಿಗೂ ಇದೆ.

ಹಾಗೆ ಹೊರಬರುವವನು ಎಲ್ಲಿಗೆ ಬರಬೇಕು? ನಮ್ಮದೇ ಧರ್ಮಕೇಂದ್ರದ, ನಮ್ಮದೇ ವಾರ್ಡಿನ ಮನೆಯೊಂದಕ್ಕೆ ಅಂಥ ಹುಡುಗ ಮರಳಿದಾಗ, ಅವನ ಜತೆ ಸೇರಬೇಡವೆಂದು ನಮ್ಮ ಮಕ್ಕಳಿಗೆ ಪಿಸುಗುಟ್ಟುವುದು ಸುಲಭ. ಅವನ ತಾಯಿಯು ಬಲಿಪೂಜೆಗೆ ಬಂದಾಗ ಬೆಂಚಿನಲ್ಲಿ ಸ್ವಲ್ಪ ದೂರ ಸರಿದು ಕೂರುವುದೂ ಸುಲಭ. ಒಂದು ಕೆಲಸ, ಒಂದು ಊಟ, ಹೆಸರು ಹಿಡಿದು ಕರೆಯುವ ಒಂದು ದನಿ ನಮ್ಮಿಂದ ಅವನಿಗೆ ದೊರೆತರೆ ಅವನು ಮತ್ತೆ ಆ ಬಾಗಿಲು ತಟ್ಟದೆ ಉಳಿದಾನು. ಸಂತರ ಹಬ್ಬವನ್ನು ಆಚರಿಸುವ ನಾವು ಇಷ್ಟನ್ನಾದರೂ ಮಾಡಲಾರೆವೇ?