ಸಂವಿಧಾನ ಸಭೆಯಲ್ಲಿ ನಮ್ಮ ಯಾಜಕರು: ಸ್ವಾಮಿ ಜೆರೋಮ್ ಡಿಸೋಜರವರು

ಸಿದ್ಧಗಂಗೆಯ ಜಾತ್ರೆ, ಗುಬ್ಬಿಯ ಚನ್ನಬಸವೇಶ್ವರ ಸ್ವಾಮಿಯ ರಥೋತ್ಸವ, ಕುಣಿಗಲ್ ದಾರಿಯ ಮಸೀದಿಗಳ ಬಾಂಗು, ಇವುಗಳ ನಡುವೆ ನೂರು ವರ್ಷಗಳಿಂದ ನಮ್ಮ ದೇವಾಲಯದ ಗಂಟೆಯೂ ಮೊಳಗುತ್ತಾ ಬಂದಿದೆ. ಈ ಸಹಬಾಳ್ವೆಗೆ ಕಾನೂನಿನ ನೆಲೆ ಒದಗಿದ ಕಾಲದಲ್ಲಿ ದುಡಿದ ಯಾಜಕರೊಬ್ಬರನ್ನು ಶತಮಾನೋತ್ಸವದ ಈ ಸಂದರ್ಭದಲ್ಲಿ ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ವಂದನೀಯ ಜೆರೋಮ್ ಡಿಸೋಜರವರು 1897ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ಯೇಸುಸಭೆಯನ್ನು ಸೇರಿ ಯಾಜಕರಾಗಿ, ಮದರಾಸಿನ ಲೊಯೋಲಾ ಕಾಲೇಜನ್ನು ಮುನ್ನಡೆಸಿ, ವಿದ್ವಾಂಸರೆಂದೂ ವಾಗ್ಮಿಗಳೆಂದೂ ಹೆಸರಾದರು. 1946ರಲ್ಲಿ ಮದರಾಸು ಪ್ರಾಂತ್ಯದಿಂದ ಸಂವಿಧಾನ ಸಭೆಗೆ ಆಯ್ಕೆಯಾದರು.

1947ರ ಮೇ 1ರಂದು ಆ ಸಭೆಯ ಮುಂದೆ ಕಠಿಣ ಪ್ರಶ್ನೆಯೊಂದು ಬಂದಿತು. ಬಲಾತ್ಕಾರ, ವಂಚನೆಗಳಿಂದಾದ ಮತಾಂತರವನ್ನೂ ಹದಿನೆಂಟು ತುಂಬದವರ ಮತಾಂತರವನ್ನೂ ಕಾನೂನು ಮಾನ್ಯಮಾಡಬಾರದೆಂಬುದು ಶ್ರೀ ಕೆ. ಎಂ. ಮುನ್ಷಿಯವರ ಸೂಚನೆ. ಬಲಾತ್ಕಾರವನ್ನು ಸಮರ್ಥಿಸುವವರು ಯಾರೂ ಇರಲಿಲ್ಲ. ಆದರೆ ತಂದೆತಾಯಿಗಳು ದೀಕ್ಷಾಸ್ನಾನ ಪಡೆದರೆ ಅವರ ಮಡಿಲ ಕೂಸಿನ ಗತಿಯೇನು? ಒಂದೇ ಸೂರಿನಡಿ ಕುಟುಂಬವೇ ಇಬ್ಭಾಗವಾಗಬೇಕೆ? ಸ್ವಾಮಿಗಳು ಮಕ್ಕಳ ಮೇಲೆ ತಂದೆತಾಯಿಗಳಿಗಿರುವ ಹಕ್ಕನ್ನೂ ಕುಟುಂಬದ ಪಾವಿತ್ರ್ಯವನ್ನೂ ಎತ್ತಿಹಿಡಿದರು. ವಿಷಯವು ಸಲಹಾ ಸಮಿತಿಗೆ ಮರಳಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆ ವಿಧಿಯನ್ನು ಕೈಬಿಡಲಾಯಿತು.

1948ರ ಡಿಸೆಂಬರ್ 6ರಂದು ಧರ್ಮಪ್ರಚಾರದ ಹಕ್ಕನ್ನು ಕೆಲವರು ವಿರೋಧಿಸಿದಾಗ, ಅದರ ಪರವಾಗಿ ನಿಂತವರಲ್ಲಿ ಮುನ್ಷಿ, ಲಕ್ಷ್ಮೀಕಾಂತ ಮೈತ್ರ, ಟಿ. ಟಿ. ಕೃಷ್ಣಮಾಚಾರಿಯವರಂತಹ ಹಿಂದೂ ಸಹೋದರರಿದ್ದರು ಎಂಬುದನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು. ಇದೇ ಇಂದಿನ 25ನೆಯ ವಿಧಿ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಎಲ್ಲರಿಗೂ ಅದು ಸಮಾನ.

ಮುಂದೆ ಸ್ವಾಮಿಗಳು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1951ರಲ್ಲಿ ಪುಣೆಯಲ್ಲಿ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟನ್ನು ಕಟ್ಟಿದರು. 1977ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ತೀರ್ಪಿತ್ತಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸ್ವಾಮಿಗಳು ದೈವಾಧೀನರಾದರು.

ವಿಶ್ವಾಸವನ್ನು ಯಾರ ಮೇಲೂ ಹೇರಲಾಗದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಸಾರಿತು. ವಯಸ್ಕರು ದೀಕ್ಷಾಸ್ನಾನ ಬೇಡಿದಾಗ ಅವರ ಸ್ವಂತ ಇಚ್ಛೆಯನ್ನೂ, ಶಿಶುವಾದರೆ ಹೆತ್ತವರ ಸಮ್ಮತಿಯನ್ನೂ ಧರ್ಮಸಭೆ ಮೊದಲು ಕೇಳುತ್ತದೆ. ನೆರೆಯವರ ಮನಸ್ಸಾಕ್ಷಿಯನ್ನು ಗೌರವಿಸುತ್ತಾ, ನಮ್ಮ ವಿಶ್ವಾಸವನ್ನು ನಿರ್ಭೀತಿಯಿಂದ ಬಾಳೋಣ. ಸ್ವಾಮಿಗಳ ಆತ್ಮಕ್ಕೆ ಪ್ರಭು ನಿತ್ಯಶಾಂತಿಯನ್ನು ಕರುಣಿಸಲಿ.