ವಿಶ್ವೇಶ್ವರಯ್ಯನವರು: ಜಪಾನಿನ ಪಾಠ, ಮೈಸೂರಿನ ಪ್ರಯೋಗ

ಎರಡು ಶತಮಾನಗಳಿಗೂ ಮಿಗಿಲಾಗಿ ಹೊರಜಗತ್ತಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿಕೊಂಡಿದ್ದ ಜಪಾನು 1854ರ ಒಪ್ಪಂದದಿಂದ ತೆರೆದುಕೊಂಡಿತು. 1868ರ ಮೇಜಿ ಪರಿವರ್ತನೆಯ ತರುವಾಯ ಒಂದೇ ತಲೆಮಾರಿನಲ್ಲಿ ಕೈಗಾರಿಕಾ ರಾಷ್ಟ್ರವಾಗಿ ಬೆಳೆಯಿತು. ಆ ಬೆಳವಣಿಗೆಯನ್ನು 1898ರಲ್ಲಿ ಕಣ್ಣಾರೆ ಕಂಡು, ಅದರ ಸೂತ್ರಗಳನ್ನು ಕನ್ನಡ ನೆಲದಲ್ಲಿ ಪ್ರಯೋಗಿಸಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿದರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿ, ಸಿಂಧ್ ಪ್ರದೇಶದ ಸುಕ್ಕೂರಿನ ನೀರು ಸರಬರಾಜು, ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು ಮೊದಲಾದ ಕಾರ್ಯಗಳಿಂದ ಹೆಸರಾದರು. ಜಪಾನ್ ಪ್ರವಾಸವನ್ನು ಕೈಗೊಂಡದ್ದು ಈ ಸೇವಾವಧಿಯಲ್ಲಿಯೇ.

ಯಂತ್ರಗಳಿಗಿಂತ ಮೊದಲು ಶಾಲೆ, ಬಂಡವಾಳ ಮತ್ತು ಸಂಘಟನೆ ಬೇಕೆಂಬುದು ಅವರು ಅಲ್ಲಿಂದ ತಂದ ಮುಖ್ಯ ತಿಳಿವಳಿಕೆ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ಕೈಗೊಂಡ ಕಾರ್ಯಗಳಲ್ಲಿ ಈ ಕ್ರಮವೇ ಎದ್ದು ಕಾಣುತ್ತದೆ. 1911ರಲ್ಲಿ ಸಂಪದಭ್ಯುದಯ ಸಮಾಜ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದವು. ಅವರ ಕಾಲದಲ್ಲಿ ಯೋಜಿತವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1915ರ ಕನ್ನಡ ಸಾಹಿತ್ಯ ಪರಿಷತ್ತು ಸಂಪದಭ್ಯುದಯ ಸಮಾಜದ ಚಿಂತನೆಯಿಂದಲೇ ಮೂಡಿತೆಂಬುದು ಕನ್ನಡದ ವಿದ್ಯಾರ್ಥಿಗಳು ಮರೆಯಬಾರದ ಸಂಗತಿ. ನುಡಿಯ ಏಳಿಗೆಯನ್ನು ನಾಡಿನ ಆರ್ಥಿಕ ಏಳಿಗೆಯ ಅಂಗವೆಂದು ಆಗ ಭಾವಿಸಲಾಗಿತ್ತು.

ಆದರೆ ಜಪಾನಿನ ಪಾಠದಲ್ಲಿ ಇನ್ನೊಂದು ಅಧ್ಯಾಯವಿತ್ತು. ಅಲ್ಲಿ ಸಮುರಾಯ್ ವರ್ಗದ ವಂಶಪಾರಂಪರ್ಯ ಸವಲತ್ತುಗಳು 1876ರ ವೇಳೆಗೆ ರದ್ದಾಗಿದ್ದವು. ಮೈಸೂರಿನಲ್ಲಿ ಇಂಗ್ಲಿಷ್ ವಿದ್ಯೆ ಮತ್ತು ಸರ್ಕಾರಿ ಹುದ್ದೆಗಳು ಹೆಚ್ಚಾಗಿ ಬ್ರಾಹ್ಮಣರಲ್ಲಿಯೇ ಉಳಿದಿದ್ದವು. ಬ್ರಾಹ್ಮಣೇತರರ ಪ್ರಾತಿನಿಧ್ಯದ ಬೇಡಿಕೆಯನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದೇ ಮಾನದಂಡವಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ತೊರೆದರು. ಅವರ ಪ್ರಾಮಾಣಿಕತೆ ನಿರ್ವಿವಾದವಾದುದು. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ನಾಂದಿ ಹಾಡಿದವರೂ ಅವರೇ. ಆದರೂ ಅವಕಾಶವೇ ದೊರೆಯದವರ ಅರ್ಹತೆಯನ್ನು ಅಳೆಯುವುದು ಹೇಗೆಂಬ ಪ್ರಶ್ನೆಗೆ ಅವರ ಅಭಿವೃದ್ಧಿ ಚಿಂತನೆಯಲ್ಲಿ ತೃಪ್ತಿಕರ ಉತ್ತರ ದೊರೆಯುವುದಿಲ್ಲ.

ಮುಂದೆ ಅವರು 1921–22ರಲ್ಲಿ ಮುಂಬಯಿ ಪ್ರಾಂತದ ತಾಂತ್ರಿಕ ಶಿಕ್ಷಣ ಸಮಿತಿಯ ಅಧ್ಯಕ್ಷರಾದರು. 1934ರಲ್ಲಿ ಭಾರತಕ್ಕೆ ಯೋಜಿತ ಆರ್ಥಿಕತೆಯನ್ನು ಪ್ರತಿಪಾದಿಸಿದ ಗ್ರಂಥವನ್ನು ಪ್ರಕಟಿಸಿದರು. 1955ರಲ್ಲಿ ಭಾರತರತ್ನ ಸಂದಿತು. 1962ರಲ್ಲಿ ನಿಧನರಾದರು.

ಕೋಟೆಯಿಂದ ದಹಿಸರದವರೆಗೆ ಹರಡಿಕೊಂಡ ಮುಂಬಯಿ ಕನ್ನಡಿಗರಲ್ಲಿ ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದವರು ಅನೇಕರು. ಶಾಲೆಯೇ ಏಳಿಗೆಯ ಮೂಲವೆಂಬ ವಿಶ್ವೇಶ್ವರಯ್ಯನವರ ನಂಬಿಕೆಯನ್ನು ಅವರ ಬದುಕು ಸಮರ್ಥಿಸುತ್ತದೆ. ಅವಕಾಶ ದೊರೆತ ಮೇಲೆಯೇ ಅರ್ಹತೆ ಬೆಳಕಿಗೆ ಬರುತ್ತದೆಂಬುದನ್ನೂ ಅದು ತೋರಿಸಿಕೊಡುತ್ತದೆ.